ಉಲ್ಟಾ ಅಕ್ಷರ, ಬೋರಾ ಬಜಾರ್

ಕೋಟೆ ಅನ್ನುತ್ತಾರೆ. ಬಸ್ಸಿನ ಹಣೆಯ ಮೇಲೂ ಅದೇ ಬರೆದಿದೆ.
ಬೇಕಾದರೆ ಸುತ್ತಿ ಬನ್ನಿ, ಗೋಡೆ ಇಲ್ಲ.
ಬಜಾರ್ ಗೇಟ್ ಅನ್ನುತ್ತಾರೆ, ಗೇಟಿಲ್ಲ.
ಕಂದಕ ಇದ್ದಿರಬಹುದಾದ ಕಡೆ
ಟ್ಯಾಕ್ಸಿಗಳು ನಾಲ್ಕೂ ಬಾಗಿಲು ತೆರೆದು
ಮಧ್ಯಾಹ್ನದ ನಿದ್ದೆ ಹೊಡೆಯುತ್ತವೆ.

ಬಂದ ದಿನವೇ ಕೇಳಿದ್ದೆ ಐತಪ್ಪಣ್ಣನನ್ನು, ಗೋಡೆ ಎಲ್ಲಿ?
ಲೋಟದ ತೊಟ್ಟಿಯಿಂದ ಕೈ ಎತ್ತದೆಯೇ ಅಂದ:
ಒಡೆದು ಹಾಕಿದರಂತೆ ಮಾರಾಯ, ಅಜ್ಜನ ಅಜ್ಜನ ಕಾಲಕ್ಕೆ.
ನೀನು ಆ ಬಸಿ ಒರಸು, ಆಫೀಸು ಬಿಡುವ ಹೊತ್ತಾಯಿತು.

ಒಂದು ಖೋಲಿ, ಹತ್ತೊಂಬತ್ತು ಮೊಳೆ,
ಮೊಳೆಗೊಂದು ಅಂಗಿ, ಅಂಗಿಗೊಂದು ಊರು:
ಕಟಪಾಡಿ, ಹೆಜಮಾಡಿ, ಬೈಲೂರು, ಪಳ್ಳಿ.
ಒಬ್ಬ ಎದ್ದ ಚಾಪೆಯ ಬಿಸಿಯಲ್ಲಿ ಇನ್ನೊಬ್ಬ ಮಲಗುವುದು.
ಕೆಳಗೆ ಬೋಹ್ರಿಯ ಹಗ್ಗದಂಗಡಿ, ಪಕ್ಕಕ್ಕೆ ತಕ್ಕಡಿ ಮಾರುವವರು,
ಎದುರಿಗೆ ಮದುವೆ ಕಾಗದದ ಅಚ್ಚುಕೂಟ,
ಮೂಲೆಯ ಅಗ್ಯಾರಿಯೊಳಗೆ ನಮಗೆ ಯಾರೂ ತೋರಿಸದ ಬೆಂಕಿ,
ಅದರ ಗಂಧದ ವಾಸನೆ ಮಾತ್ರ ಎಲ್ಲರಿಗೂ ಧರ್ಮಾರ್ಥ.

ರಾತ್ರಿ ಎಂಟಕ್ಕೆ ಮೂರನೆಯ ಮಾಳಿಗೆಯಲ್ಲಿ ಕನ್ನಡ ಶಾಲೆ.
ಹಗಲು ಕಸ್ಟಮ್ಸಿನಲ್ಲಿ ಗುಮಾಸ್ತರಾದ ಕಲ್ಲೂರಾಯ ಮಾಸ್ತರು
ರಾತ್ರಿ ಚರಿತ್ರೆಯಾಗುತ್ತಿದ್ದರು.
ಸಾವಿರದ ಎಂಟುನೂರ ಮೂರು, ಬೆಂಕಿ, ಅನ್ನುವರು,
ಬೀದಿಗೆ ಬೀದಿಯೇ ಉರಿಯಿತು, ಇಲ್ಲೇ, ನೀವು ಕೂತ ಕಡೆಯೇ.
ಸೋಡಾಖಾರಕ್ಕೆ ಬೆರಳ ಸಂದು ಬಿರಿದ ಹುಡುಗರು ನಾವು,
ಅರ್ಧ ಜನಕ್ಕೆ ತೂಕಡಿಕೆ.
ಮಾಸ್ತರು ಡಸ್ಟರ್ ಬಡಿದು ಕೇಳಿದರು:
ಬೆಂಕಿ ಆರಿದ ಮೇಲೆ ಮೊದಲು ಏನು ತೆರೆಯಿತು?
ಹಿಂದಿನ ಬೆಂಚಿನ ದೂಮ ಪೂಜಾರಿ ನಿದ್ದೆಯಲ್ಲೇ ಹೇಳಿದ,
ಹೋಟೆಲು ಸಾರ್.
ಮಾಸ್ತರು ತಪ್ಪೆನ್ನಲಿಲ್ಲ.

ಲೋಟದಿಂದ ನನ್ನನ್ನು ಬಿಡಿಸಿದ್ದು ಜಾಲ್‌ಭಾಯಿ.
ಮೆಟ್ಟಿಲ ಕೆಳಗಿನ ಸಂದಿಯೇ ಅವನ ರಬ್ಬರ್ ಸ್ಟ್ಯಾಂಪಿನ ಅಂಗಡಿ,
ನಿಂತರೆ ನೆತ್ತಿಯ ಮೇಲೆ ಮಹಡಿಯವರ ಚಪ್ಪಲಿ ಸದ್ದು.
ಸಣ್ಣ ಚೂರಿ ಕೈಗಿಟ್ಟು, ಊಂಧು ಲಖ್ ದೀಕ್ರಾ, ಅಂದ,
ಉಲ್ಟಾ ಬರಿ ಮಗನೇ.
ರಾತ್ರಿ ಮುಖದಿಂದ ಕಲಿತದ್ದನ್ನು ಹಗಲು ಬೆನ್ನಿನಿಂದ ಕಲಿತೆ:
ಎಡಕ್ಕೆ ಹೊರಳಿದ ಕೊಂಬು,
ಎಡಕ್ಕೇ ಬಂದು ಕೂತ ದೀರ್ಘ.

ಅಂಗಡಿಯ ಕೆಳಗಿನ ಡ್ರಾಯರು ಸತ್ತ ಸ್ಟ್ಯಾಂಪುಗಳದ್ದು.
ಕಂಪನಿ ಮುಳುಗಿದ ಮೇಲೆ ಕೊಂಡೊಯ್ಯಲು ಯಾರು ಬರುತ್ತಾರೆ?
ಗಿರಾಕಿ ಇಲ್ಲದ ಆಷಾಢದಲ್ಲಿ
ಒಂದೊಂದನ್ನೇ ಮಸಿಗೆ ಅದ್ದಿ ಹಳೇ ಪೇಪರಿಗೆ ಒತ್ತುತ್ತೇನೆ.
ಹತ್ತಿಯ ದಲಾಲರು. ಏಡನ್, ಜಂಜಿಬಾರಿಗೆ ಹಡಗು.
ಪರೇಲಿನ ಮಿಲ್ಲೊಂದರ ಟೈಮ್ ಕೀಪರು.
ಕುದುರೆಗಾಡಿ ಸಂಘದ ಖಜಾಂಚಿ.
ಒಣಗಿದ ರಬ್ಬರು, ಮೊದಲ ಸಲಕ್ಕೆ ಅರ್ಧ ಅಕ್ಷರ,
ಎರಡನೆಯದಕ್ಕೆ ಇನ್ನಷ್ಟು,
ಮೂರನೆಯದಕ್ಕೆ ಪುಡಿ.

ಈಗ ಎಲ್ಲರ ಸಹಿ ಮೊಬೈಲಿನಲ್ಲಿ. ಜಾಲ್‌ಭಾಯಿಯ ಕುರ್ಚಿ ನನ್ನದು,
ಅದರ ಒಂದು ಕಾಲು ಅಂದಿನಿಂದಲೂ ಗಿಡ್ಡ.
ಶಾಲೆ ಇದೆ. ಫಲಕದ ‘ರಾ’ ಉದುರಿ ‘ತ್ರಿ ಶಾಲೆ’ ಆಗಿದೆ,
ಹೋದ ವರ್ಷ ಪಾಸಾದವರೂ ಮೂವರೇ.
ಸರ್ಟಿಫಿಕೇಟಿಗೆ ಹೊಸ ಮೊಹರು ಬೇಕೆಂದರು ಹೆಡ್ಮಾಸ್ತರು.
ಐವತ್ತೆರಡು ವರ್ಷ ತಪ್ಪದ ಕೈ ನನ್ನದು.
ಶಾಲೆಯ ಹೆಸರು ಅಂತಲೋ ಏನೋ
ಕೈಗೆ ರಾತ್ರಿಯ ಪಾಠವೇ ನೆನಪಾಯಿತು,
ನೆಟ್ಟಗೆ ಕೊರೆದುಬಿಟ್ಟೆ.
ಒತ್ತಿದರೆ ಕಾಗದದ ಮೇಲೆ ಉಲ್ಟಾ ಕನ್ನಡ.

ಚಾ ತಂದ ದೇವದುರ್ಗದ ಯಂಕೋಬ ಬಗ್ಗಿ ನೋಡಿದ.
ಅವನಪ್ಪ ಮೆಟ್ರೋ ಸುರಂಗದಲ್ಲಿ ಮಣ್ಣು ಹೊತ್ತವನು,
ಹಳೇ ಗೋಡೆಯ ಕಲ್ಲು ಯಾರಿಗಾದರೂ ಸಿಕ್ಕಿದ್ದರೆ
ಅವನಿಗೇ ಸಿಕ್ಕಿರಬೇಕು.
ಹುಡುಗ ಖಾಲಿ ತಟ್ಟೆಯನ್ನು ಅಂಗಿಗೆ ಉಜ್ಜಿ
ಕಾಗದದ ಎದುರು ಹಿಡಿದ,
ಸ್ಟೀಲಿನೊಳಗೆ ಕಣ್ಣು ಕಿರಿದು ಮಾಡಿ
ಅಕ್ಷರಕ್ಕೊಂದು ಉಸಿರು ಕೊಟ್ಟು ಓದಿದ.
‘ರಾ’ ಬಿಡದೆ ಓದಿದ.

ಹೆಡ್ಮಾಸ್ತರಿಗೆ ನಾಳೆ ಬೇರೆ ಮಾಡಿಕೊಡಬೇಕು.
ಇದನ್ನು ಡ್ರಾಯರಿಗೆ ಹಾಕಿಲ್ಲ ಇನ್ನೂ.